ಅಂಗಳಕ್ಕೆ ಬಂದ ಆರ್ಗನ್: ಪ್ರೇರಿಯ ಹಾಡು, ಕತೆ, ನೆನಪು ಉಳಿದದ್ದು ಹೇಗೆ?

1887ರ ಒಂದು ಫೋಟೊ. ಅಮೆರಿಕದ ನೆಬ್ರಾಸ್ಕ ರಾಜ್ಯದ ಕಸ್ಟರ್ ಕೌಂಟಿಯಲ್ಲಿ ತೆಗೆದದ್ದು. ಹಿಲ್ಟನ್ ಎಂಬ ರೈತ ಕುಟುಂಬ ಬಟಾಬಯಲಲ್ಲಿ ನಿಂತಿದೆ. ಜೊತೆಗೆ ಒಂದು ಆರ್ಗನ್ ಇದೆ. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ. ಕಾಲಲ್ಲಿ ತುಳಿದು ಗಾಳಿ ತುಂಬಬೇಕು, ಕೈಯಲ್ಲಿ ನುಡಿಸಬೇಕು. ಆದರೆ ಗಾತ್ರದಲ್ಲಿ ಇದು ಬೀರುವಿನ ಸಮೀಪ ಬರುತ್ತದೆ. ಇಷ್ಟು ಭಾರದ ವಸ್ತುವಿಗೆ ಬಯಲಲ್ಲಿ ಏನು ಕೆಲಸ?

ಮನೆಯೊಡತಿಗೆ ಈ ಫೋಟೊವನ್ನು ತವರಿನ ಕಡೆಯವರಿಗೆ ಕಳಿಸಬೇಕಿತ್ತು. ತಮ್ಮ ಮನೆಯಲ್ಲಿ ಆರ್ಗನ್ ಇದೆ ಅನ್ನೋದು ಅವರಿಗೆ ಗೊತ್ತಾಗಬೇಕು. ಆದರೆ ಆ ಮನೆ ಮಣ್ಣಿನ ಹೆಂಟೆಗಳಿಂದ ಕಟ್ಟಿದ್ದು ಅನ್ನೋದು ಗೊತ್ತಾಗಬಾರದು. ಅದಕ್ಕೇ ಆರ್ಗನ್ನನ್ನು ಹೊರಗೆ ಹೊತ್ತು ತಂದರು, ಅದರ ಜೊತೆ ನಿಂತರು, ಫೋಟೊ ತೆಗೆಸಿಕೊಂಡರು, ಮತ್ತೆ ಒಳಗೆ ಹೊತ್ತುಕೊಂಡು ಹೋದರು.

ಫೋಟೊ ತೆಗೆದವರು ಸಾಲೊಮನ್ ಬುಚರ್. ಅವರದೂ ಒಂದು ಕತೆ. 1880ರಲ್ಲಿ ಜಮೀನು ಹಿಡಿಯಲು ಅಲ್ಲಿಗೆ ಬಂದವರು. ಬೇಸಾಯ ತಮ್ಮ ಕೈಲಿ ಆಗುವ ಕೆಲಸ ಅಲ್ಲ ಅಂತ ಬೇಗನೇ ಅರ್ಥವಾಯಿತು. 1886ರಲ್ಲಿ ಬೇರೆ ಯೋಚನೆ ಬಂತು. ಈ ಕೌಂಟಿಗೆ ಬಂದು ನೆಲೆಸಿದವರ ಮನೆಮನೆಗೂ ಹೋಗಿ ಫೋಟೊ ತೆಗೆಯುವುದು, ಅವರ ಕತೆಯನ್ನೂ ಬರೆದುಕೊಳ್ಳುವುದು. ಗಾಡಿಯಲ್ಲಿ ಗಾಜಿನ ಪ್ಲೇಟುಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಅಲೆದರು. 1899ರಲ್ಲಿ ಮನೆಗೆ ಬೆಂಕಿ ಬಿತ್ತು. ಬರೆದಿಟ್ಟುಕೊಂಡಿದ್ದ ಕತೆಗಳು ಸುಟ್ಟುಹೋದವು. ಗಾಜಿನ ನೆಗೆಟಿವ್‌ಗಳು ಕಾಳು ತುಂಬುವ ಕಣಜದಲ್ಲಿದ್ದವು, ಅವು ಬಚಾವಾದವು. ಸುಮಾರು 3,000 ಪ್ಲೇಟುಗಳು ಇವತ್ತಿಗೂ ಇವೆ.

ಬುಚರ್ ತೀರಾ ಸತ್ಯಸಂಧರೂ ಅಲ್ಲ ಅನ್ನಿ. ನೆಗೆಟಿವ್ ಹಾಳಾದ ಕಡೆ ಕೈಯಲ್ಲೇ ಗೀಚಿ ಛಾವಣಿಯ ಮೇಲೆ ಟರ್ಕಿ ಕೋಳಿ ಕೂರಿಸಿದ್ದೂ ಇದೆ. ಆದರೂ ಪ್ರೇರಿಯ ನೆನಪುಗಳನ್ನು ಕೂಡಿಟ್ಟ ಕತೆ ಹೇಳಲು ನನಗೆ ಈ ಆರ್ಗನ್ ಫೋಟೊಗಿಂತ ಒಳ್ಳೆಯ ಬಾಗಿಲು ಸಿಗಲಿಲ್ಲ. ಯಾಕೆಂದರೆ ಯಾವ ದಾಖಲೆಯಲ್ಲೂ ಇಬ್ಬರು ಇರುತ್ತಾರೆ. ಹೇಳುವವರು ಒಬ್ಬರು, ಕೇಳುವವರು ಇನ್ನೊಬ್ಬರು. ಹೇಳುವವರು ಏನನ್ನು ಅಂಗಳಕ್ಕೆ ತಂದಿಟ್ಟರು, ಏನನ್ನು ಒಳಗೇ ಬಿಟ್ಟರು ಅನ್ನೋದು ಎದುರಿಗೆ ಕೂತವರು ಯಾರು ಅನ್ನೋದನ್ನು ಅವಲಂಬಿಸಿದೆ.

ಇವರೆಲ್ಲ ಯಾರು, ಅಲ್ಲಿಗೆ ಯಾಕೆ ಬಂದರು ಅಂತ ಮೊದಲು ನೋಡೋಣ. ಉತ್ತರ ಅಮೆರಿಕದ ಮಧ್ಯದಲ್ಲಿ ಮರವೇ ಇಲ್ಲದ, ಎತ್ತ ನೋಡಿದರೂ ಹುಲ್ಲೇ ಇರುವ ದೊಡ್ಡ ಬಯಲಿದೆ. ಅದೇ ಪ್ರೇರಿ. 1862ರಲ್ಲಿ ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. 160 ಎಕರೆ ಸರ್ಕಾರಿ ಜಮೀನು ಹಿಡಿಯಬಹುದು. ಐದು ವರ್ಷ ಅಲ್ಲೇ ವಾಸ ಮಾಡಬೇಕು, ಮನೆ ಕಟ್ಟಬೇಕು, ಬೇಸಾಯ ಮಾಡಬೇಕು. ಶುಲ್ಕವೆಲ್ಲ ಸೇರಿ ಸುಮಾರು 18 ಡಾಲರ್. ಆಮೇಲೆ ಜಮೀನು ನಿಮ್ಮದೇ. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು ಕೂಡ ಅರ್ಜಿ ಹಾಕಬಹುದಿತ್ತು. ಅಮೆರಿಕದ ಪ್ರಜೆಯಾಗುತ್ತೇನೆ ಅಂತ ಬರೆದುಕೊಟ್ಟರೆ ಹೊರದೇಶದವರಿಗೂ ಸಿಗುತ್ತಿತ್ತು. 1872ರಲ್ಲಿ ಕೆನಡಾ ಕೂಡ ಇಂಥದೇ ಕಾಯ್ದೆ ತಂದಿತು. ಅಲ್ಲೂ 160 ಎಕರೆ, ಶುಲ್ಕ 10 ಡಾಲರ್. ಅಮೆರಿಕದ ಕಾಯ್ದೆಯ ಪ್ರಕಾರ ಹಕ್ಕುಪತ್ರ ಪಡೆದವರು ಸುಮಾರು 16 ಲಕ್ಷ ಜನ. ಕೈಬದಲಾದ ನೆಲ ಸುಮಾರು 27 ಕೋಟಿ ಎಕರೆ.

ನಾರ್ವೆ, ಸ್ವೀಡನ್, ಬೊಹೀಮಿಯ, ಜರ್ಮನಿ, ಪೋಲೆಂಡ್, ಉಕ್ರೇನ್‌ನಿಂದ ಜನ ಬಂದರು. ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಬಂದರು. ಕ್ಯಾನ್ಸಸ್‌ನ ನಿಕೊಡೀಮಸ್ ಅವರು 1877ರಲ್ಲಿ ಕಟ್ಟಿದ ಊರು. ಮನೆ ಕಟ್ಟಲು ಮರ ಇಲ್ಲ, ಕಲ್ಲು ಇಲ್ಲ. ಹುಲ್ಲಿನ ಬೇರು ದಟ್ಟವಾಗಿ ಹೆಣೆದುಕೊಂಡ ನೆಲವನ್ನು ನೇಗಿಲಲ್ಲಿ ಪಟ್ಟಿ ಪಟ್ಟಿಯಾಗಿ ಸೀಳಿ, ತುಂಡು ಮಾಡಿ, ಹುಲ್ಲಿನ ಮುಖ ಕೆಳಗಾಗುವಂತೆ ಒಂದರ ಮೇಲೊಂದು ಪೇರಿಸಿದರು. ಅದೇ ಗೋಡೆ. ತಮಾಷೆಗೆ ಇದಕ್ಕೆ ‘ನೆಬ್ರಾಸ್ಕ ಮಾರ್ಬಲ್’ ಅನ್ನುತ್ತಿದ್ದರು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಹೊರಗೆ ಮಳೆ ನಿಂತ ಮೇಲೂ ಒಳಗೆ ಸೋರುತ್ತಿತ್ತು. ಸೂರಿನಿಂದ ಹಾವು ಬೀಳುವುದೂ ಇತ್ತು. ಮಣ್ಣು ಉದುರದಿರಲಿ ಅಂತ ಒಳಗಡೆ ಬಟ್ಟೆ ಕಟ್ಟುತ್ತಿದ್ದರು.

ಈ ಜನರ ನೆನಪನ್ನು ದಾಖಲು ಮಾಡಬೇಕು ಅಂತ ಯಾಕೆ ಅನ್ನಿಸಿತು? ಒಂದು ಕಾರಣ ಸರಳ. ಮಣ್ಣಿನ ಮನೆ ಒಂದು ತಲೆಮಾರಿಗಿಂತ ಹೆಚ್ಚು ಬಾಳಲಿಲ್ಲ. ಬರ ಬಂದಾಗ ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಉಳಿದವರು ಹಲಗೆಯ ಮನೆ ಕಟ್ಟಿಕೊಂಡರು. ಹಕ್ಕುಪತ್ರಗಳು ಕಚೇರಿಯಲ್ಲಿ ಭದ್ರವಾಗಿದ್ದವು. ಆದರೆ ಮೊದಮೊದಲು ಒಲೆ ಹೊತ್ತಿಸಲು ಒಣ ಬೆರಣಿ ಮುಟ್ಟುವುದಕ್ಕೂ ಹೇಸುತ್ತಿದ್ದ ಹೆಂಗಸು ಕೊನೆಗೆ ಬೆರಣಿ ಮುಟ್ಟಿದ ಕೈಯಲ್ಲೇ ರೊಟ್ಟಿ ತಟ್ಟಿದ್ದು ಯಾವ ಹಕ್ಕುಪತ್ರದಲ್ಲೂ ಇರಲ್ಲ ಅಲ್ವಾ?

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಕ್ಯಾನ್ಸಸ್‌ನ ಲಿಲ್ಲಾ ಡೇ ಮನ್ರೊ ಒಬ್ಬರು. ವಕೀಲೆ, ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವರು. 1920ರ ದಶಕದಲ್ಲಿ ಅವರು ಕ್ಯಾನ್ಸಸ್‌ನ ಹಳೆಯ ತಲೆಮಾರಿನ ಹೆಂಗಸರಿಗೆ ‘ನಿಮ್ಮ ನೆನಪು ಬರೆದು ಕಳಿಸಿ’ ಅಂತ ಕೇಳಿದರು. ಸುಮಾರು 800 ಹೆಂಗಸರ ನೆನಪುಗಳು ಸೇರಿದವು. ಪುಸ್ತಕ ಮಾಡುವ ಮೊದಲೇ, 1929ರಲ್ಲಿ, ಮನ್ರೊ ತೀರಿಕೊಂಡರು. ಕಾಗದಗಳು ಮನೆಯ ಅಟ್ಟ ಸೇರಿದವು. 1975ರಲ್ಲಿ ಮರಿಮಗಳು ಜೊವಾನಾ ಸ್ಟ್ರಾಟನ್ ಟೊಪೀಕದಲ್ಲಿ ಅಜ್ಜಿಯ ಮನೆಯ ಅಟ್ಟದಲ್ಲಿ ಅವನ್ನು ಕಂಡರು. ಪುಸ್ತಕ ಬಂದದ್ದು 1981ರಲ್ಲಿ. ಅರ್ಧ ಶತಮಾನ ಅಟ್ಟದಲ್ಲಿ ಇಲಿ, ಗೆದ್ದಲು, ಮನೆ ಚೊಕ್ಕಟ ಮಾಡುವವರ ಉತ್ಸಾಹ ಎಲ್ಲದರಿಂದ ತಪ್ಪಿಸಿಕೊಂಡ ಕಾಗದ ಅದು. ದಾಖಲೆ ಮಾಡುವುದು ಅರ್ಧ ಕೆಲಸ. ಕಾಪಾಡುವುದು ಇನ್ನರ್ಧ.

ಆದರೆ ‘ಬರೆದು ಕಳಿಸಿ’ ಅಂದರೆ ಬರೆಯಲು ಬರುವವರು ಮಾತ್ರ ಕಳಿಸುತ್ತಾರೆ. ಅದೂ ಇಂಗ್ಲಿಷಿನಲ್ಲಿ. ಬರೆಯುವಾಗ ಎಲ್ಲರೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡೇ ಬರೆಯುತ್ತಾರೆ. ಮಾತಿನ ಓಘ, ಬೈಗುಳ, ನಡುವೆ ಬರುವ ಹಾಡು ಅಲ್ಲಿ ಸಿಗುವುದು ಕಡಿಮೆ. ಅದಕ್ಕೆ ಮನೆಗೇ ಹೋಗಿ ಎದುರಿಗೆ ಕೂರಬೇಕು.

ಹಾಗೆ ದೊಡ್ಡ ಮಟ್ಟದಲ್ಲಿ ಮನೆಗೆ ಹೋಗಿ ಕೂತದ್ದು ಸರ್ಕಾರವೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬರಹಗಾರರು, ಮೇಷ್ಟ್ರುಗಳು, ಪತ್ರಕರ್ತರು ಕೂಡ ಕೆಲಸ ಕಳೆದುಕೊಂಡಿದ್ದರು. ಅವರಿಗೆ ಕೂಲಿ ಕೊಡಲು 1935ರಲ್ಲಿ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಯೋಜನೆ ಶುರುವಾಯಿತು. ಒಂದು ಹಂತದಲ್ಲಿ 6,000ಕ್ಕೂ ಹೆಚ್ಚು ಜನ ಇದರಲ್ಲಿದ್ದರು. ರಾಜ್ಯ ರಾಜ್ಯಗಳ ಪ್ರವಾಸಿ ಕೈಪಿಡಿ ಬರೆಯುವುದು ಮುಖ್ಯ ಕೆಲಸ. ಜೊತೆಗೆ ಜನರ ಬದುಕಿನ ಕತೆ, ಹಾಡು, ಗಾದೆ, ಮದ್ದು, ನಂಬಿಕೆಗಳನ್ನು ಬರೆದುಕೊಳ್ಳುವ ಕೆಲಸವೂ ಸೇರಿತು. ಜಾನಪದ ವಿಭಾಗವನ್ನು ಮೊದಲು ಜಾನ್ ಲೊಮ್ಯಾಕ್ಸ್, ಆಮೇಲೆ ಬೆಂಜಮಿನ್ ಬಾಟ್ಕಿನ್ ನೋಡಿಕೊಂಡರು. ನೆಬ್ರಾಸ್ಕದ ಘಟಕ 1937ರಿಂದ 1940ರವರೆಗೆ ಜಾನಪದದ ಸಣ್ಣ ಸಣ್ಣ ಪುಸ್ತಿಕೆಗಳನ್ನೇ ಹೊರತಂದಿತು.

ಈ ಸಂದರ್ಶನಗಳ ಕಾಗದಗಳನ್ನು ಹತ್ತಿರದಿಂದ ನೋಡಬೇಕು. ಮೇಲೊಂದು ‘ಫಾರಂ ಎ’. ಯಾವ ದಿನ, ಯಾವ ಊರು, ಯಾರ ಮೂಲಕ ಪರಿಚಯ, ಕೂತ ಕೋಣೆ ಹೇಗಿತ್ತು, ಸುತ್ತಮುತ್ತ ಏನಿತ್ತು. ‘ಫಾರಂ ಬಿ’ಯಲ್ಲಿ ಹೇಳಿದವರ ಜಾತಕ: ಹುಟ್ಟಿದ್ದು ಎಲ್ಲಿ, ಅಪ್ಪ ಅಮ್ಮ ಯಾವ ದೇಶದವರು, ಎಲ್ಲೆಲ್ಲಿ ಬದುಕಿದರು, ಏನು ಓದು, ಏನು ಕೆಲಸ. ‘ಫಾರಂ ಸಿ’ಯಲ್ಲಿ ಹೇಳಿದ ಮಾತು. ‘ಫಾರಂ ಡಿ’ಯಲ್ಲಿ ಬರೆದುಕೊಂಡವರ ಅನಿಸಿಕೆ. ನೋಡಲು ಸುಮ್ನೆ ಸರ್ಕಾರಿ ಕಾಟ ಅನ್ನಿಸುತ್ತದೆ. ಆದರೆ ಜಾನಪದ ಸಂಗ್ರಹದ ಜೀವ ಇರುವುದೇ ಇಲ್ಲಿ. ಒಂದು ಹಾಡನ್ನು ಬರೀ ಹಾಡಾಗಿ ಬರೆದುಕೊಂಡರೆ ಅದು ಗಿಡದಿಂದ ಕಿತ್ತ ಹೂವು. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಅಂತ ಗೊತ್ತಾದರೆ ಮಾತ್ರ ಬೇರಿನವರೆಗೆ ಹೋಗಬಹುದು.

ಈ ಯೋಜನೆಯ ಬದುಕಿನ ಕತೆಗಳಲ್ಲಿ ಸುಮಾರು 2,900 ಕಡತಗಳು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 24 ರಾಜ್ಯಗಳಲ್ಲಿ 300ಕ್ಕೂ ಹೆಚ್ಚು ಬರಹಗಾರರು ಬರೆದವು. ಬಹುಪಾಲು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಮನೆಗೆ ಬಂದು ನೆನಪಿನಿಂದ ತುಂಬಿಸಿ, ಟೈಪ್ ಮಾಡಿದವು. ಅಂದರೆ ಕಾಗದದ ಮೇಲಿನ ಮಾತು ಅಜ್ಜನದೋ, ಬರೆದುಕೊಂಡವರದೋ ಅಂತ ಗೆರೆ ಎಳೆಯಲು ಆಗಲ್ಲ. ಕೆಲವರ ಕಾಗದದಲ್ಲಿ ರೈತ ಥೇಟ್ ಕಾದಂಬರಿಯ ಪಾತ್ರದಂತೆ ಮಾತಾಡುತ್ತಾನೆ. ಅನುಮಾನ ಬರುವುದು ಅಲ್ಲೇ.

ಹಾಗಾದರೆ ಯಂತ್ರ? ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಆಮೇಲೆ ಮೇಣದ ಸಿಲಿಂಡರ್ ಬಂತು, ಒಂದರಲ್ಲಿ ಎರಡು ಮೂರು ನಿಮಿಷ. 1930ರ ದಶಕದಲ್ಲಿ ಬಂದದ್ದು ಡಿಸ್ಕ್ ಕೊರೆಯುವ ಯಂತ್ರ. 1933ರಲ್ಲಿ ಲೊಮ್ಯಾಕ್ಸ್ ತಮ್ಮ ಕಾರಿನ ಹಿಂಭಾಗಕ್ಕೆ ತುರುಕಿದ ಯಂತ್ರದ ತೂಕ ಸುಮಾರು 140 ಕಿಲೊ. ತಿರುಗುವ ತಟ್ಟೆಯ ಮೇಲೆ ಸೂಜಿ ಗೀರು ಕೊರೆಯುತ್ತ ಹೋಗುತ್ತದೆ. ಕೊರೆದಂತೆ ಕೂದಲೆಳೆಯಂಥ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಅದನ್ನು ಬ್ರಷ್ಷಿನಲ್ಲಿ ಪಕ್ಕಕ್ಕೆ ಸರಿಸುತ್ತಲೇ ಇರಬೇಕು. ಸೂಜಿಗೆ ಸಿಕ್ಕಿಕೊಂಡರೆ ಹಾಡು ಹಾಳು. ಅದು ಬೇಗ ಬೆಂಕಿ ಹಿಡಿಯುವ ವಸ್ತು ಬೇರೆ. ಎದುರಿಗೆ ಅಜ್ಜಿ ಕಣ್ಣು ಮುಚ್ಚಿ ಹಾಡುತ್ತಿರುತ್ತಾಳೆ, ಇವರು ಬ್ರಷ್ ಹಿಡಿದು ತಟ್ಟೆಯ ಮೇಲೆ ಬಗ್ಗಿರುತ್ತಾರೆ. ಕರೆಂಟಿನ ಕಷ್ಟ ಬೇರೆ. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ರೈತಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಉಳಿದ ಕಡೆ ಬ್ಯಾಟರಿ ಕಟ್ಟಿಕೊಂಡು ಹೋಗಬೇಕು. ಇಲ್ಲ, ಹಾಡುವವರನ್ನೇ ಪೇಟೆಯ ಶಾಲೆಗೋ ಚರ್ಚಿಗೋ ಕರೆಸಬೇಕು. ಡಿಸ್ಕ್ ಮುಗಿಯುತ್ತೆ ಅಂತ ಹದಿನೈದು ನುಡಿಯ ಹಾಡನ್ನು ನಾಲ್ಕಕ್ಕೆ ನಿಲ್ಲಿಸಿದ್ದೂ ಉಂಟು. ಎರಡನೇ ಮಹಾಯುದ್ಧದ ಆಮೇಲೆ ಟೇಪ್ ಬಂದ ಮೇಲೆಯೇ ಜನ ಗಡಿಯಾರ ನೋಡದೆ ಮಾತಾಡಿದ್ದು.

ಈಗ ಹಾಡಿಗೆ ಬರೋಣ. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

1870ರ ದಶಕದಲ್ಲಿ ಚರ್ಚುಗಳಲ್ಲಿ ‘ಬ್ಯೂಲಾ ಲ್ಯಾಂಡ್’ ಎಂಬ ಭಕ್ತಿಗೀತೆ ಜನಪ್ರಿಯವಾಯಿತು. ಕಾಳು, ದ್ರಾಕ್ಷಿರಸ ತುಂಬಿದ ಸ್ವರ್ಗದಂಥ ನಾಡಿನ ಹಾಡು. ಬರಗಾಲದಲ್ಲಿ ಬೇಯುತ್ತಿದ್ದ ರೈತರು ಧಾಟಿಯನ್ನು ಹಾಗೇ ಇಟ್ಟುಕೊಂಡು ಮಾತು ಬದಲಿಸಿದರು. ಸ್ವರ್ಗದ ಜಾಗದಲ್ಲಿ ಡಕೋಟಾ ಬಂತು. ಮಳೆ ಯಾಕೆ ಬರುವುದಿಲ್ಲ ಅಂತ ಆಕಾಶ ನೋಡುತ್ತ ನಿಲ್ಲುತ್ತೇವೆ, ಇಲ್ಲಿ ಬದುಕುತ್ತಿಲ್ಲ ಬರೀ ಇದ್ದೇವೆ, ಬಿಟ್ಟುಹೋಗಲು ಕಾಸಿಲ್ಲ ಅಂತ ಹೊಸ ಹಾಡು. ನೆಬ್ರಾಸ್ಕದಲ್ಲಿ ಅದೇ ಹಾಡು ‘ನೆಬ್ರಾಸ್ಕ ಲ್ಯಾಂಡ್’ ಆಯಿತು, ಕ್ಯಾನ್ಸಸ್‌ನಲ್ಲಿ ‘ಕ್ಯಾನ್ಸಸ್ ಲ್ಯಾಂಡ್’. 1930ರ ದಶಕದ ಬರದಲ್ಲಿ ಗಡಿ ದಾಟಿ ಕೆನಡಾದ ಸಸ್ಕಾಚೆವನ್‌ಗೂ ಹೋಯಿತು.

ಇಂಥ ಹಾಡಿಗೆ ‘ಮೂಲ ಪಾಠ ಯಾವುದು’ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಸಂಗ್ರಹಕಾರರು ಎಲ್ಲ ಪಾಠಗಳನ್ನೂ ಪಕ್ಕಪಕ್ಕ ಇಡುತ್ತಾರೆ. ಯಾವ ನುಡಿ ಎಲ್ಲ ಕಡೆ ಇದೆ, ಯಾವುದು ಒಂದೇ ಊರಿನದು ಅಂತ ನೋಡುತ್ತಾರೆ. ಲಿಂಕನ್ ಪಟ್ಟಣದಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ಲೂಯಿಸ್ ಪೌಂಡ್ 1915ರಲ್ಲೇ ನೆಬ್ರಾಸ್ಕದ ಜನಪದ ಹಾಡುಗಳ ದೊಡ್ಡ ಪಟ್ಟಿ ಮಾಡಿದ್ದರು. ಆ ಕಾಲದ ಪಂಡಿತರು ಹಳೆಯ ಲಾವಣಿಗಳನ್ನು ಇಡೀ ಸಮುದಾಯ ಒಟ್ಟಿಗೆ ಕುಣಿಯುತ್ತ ಕಟ್ಟಿತು ಅನ್ನುತ್ತಿದ್ದರು. ಪೌಂಡ್ ಒಪ್ಪಲಿಲ್ಲ. ಹಾಡನ್ನು ಒಬ್ಬರು ಯಾರೋ ಕಟ್ಟಿರುತ್ತಾರೆ, ಜನ ಹೆಸರು ಮರೆತು ಹಾಡು ಉಳಿಸಿಕೊಳ್ಳುತ್ತಾರೆ ಅಂತ ವಾದಿಸಿದರು.

ಅವರ ಮಾತಿಗೆ ಒಂದು ಕೋರ್ಟ್ ಕೇಸೇ ಸಾಕ್ಷಿ ಕೊಟ್ಟಿತು. ‘ಹೋಮ್ ಆನ್ ದ ರೇಂಜ್’ ಹಾಡನ್ನು ಅಮೆರಿಕದಲ್ಲಿ ಕೇಳದವರಿಲ್ಲ. ಜಾನ್ ಲೊಮ್ಯಾಕ್ಸ್ ಇದನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹೆಂಡದಂಗಡಿ ನಡೆಸುತ್ತಿದ್ದ ಒಬ್ಬ ಕಪ್ಪು ಮನುಷ್ಯನಿಂದ ಕೇಳಿ, 1910ರಲ್ಲಿ ಜನಪದ ಹಾಡು ಅಂತ ಪ್ರಕಟಿಸಿದ್ದರು. 1930ರ ದಶಕದಲ್ಲಿ ರೇಡಿಯೊದಲ್ಲಿ ಎಲ್ಲೆಲ್ಲೂ ಅದೇ. ಆಗ ಅರಿಝೋನಾದ ದಂಪತಿ ಇದು ನಮ್ಮ ಹಾಡು, 1905ರಲ್ಲೇ ನೋಂದಾಯಿಸಿದ್ದೇವೆ ಅಂತ ಐದು ಲಕ್ಷ ಡಾಲರಿಗೆ ದಾವೆ ಹೂಡಿದರು. ಪ್ರಕಾಶಕರ ಕಡೆಯ ವಕೀಲ ಸ್ಯಾಮ್ಯುಯೆಲ್ ಮೋನ್‌ಫೆಲ್ಟ್ ಪಶ್ಚಿಮದ ಊರೂರು ತಿರುಗಿ ಹಳಬರನ್ನು ಕೇಳುತ್ತ ಹೋದರು. ನೀವು ಇದನ್ನು ಮೊದಲು ಕೇಳಿದ್ದು ಯಾವಾಗ? ಎಲ್ಲಿ? ಯಾರ ಬಾಯಲ್ಲಿ? ಜಾಡು ಕೊನೆಗೆ ಕ್ಯಾನ್ಸಸ್‌ನ ಸ್ಮಿತ್ ಕೌಂಟಿಗೆ ಬಂದು ನಿಂತಿತು. ಬ್ರೂಸ್ಟರ್ ಹಿಗ್ಲಿ ಎಂಬ ವೈದ್ಯರು 1870ರ ದಶಕದ ಮೊದಲ ಭಾಗದಲ್ಲಿ ತಮ್ಮ ಹೋಮ್‌ಸ್ಟೆಡ್ ಜಮೀನಿನಲ್ಲಿ ಕೂತು ಬರೆದ ಪದ್ಯ ಅದು. ಧಾಟಿ ಕೂರಿಸಿದವರು ಡ್ಯಾನ್ ಕೆಲ್ಲಿ. ಆ ಕಾಲದ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದೂ ಸಿಕ್ಕಿತು. ದಾವೆ ಬಿದ್ದುಹೋಯಿತು. 1947ರಲ್ಲಿ ಅದು ಕ್ಯಾನ್ಸಸ್‌ನ ನಾಡಗೀತೆಯಾಯಿತು. ವಕೀಲ ಮಾಡಿದ್ದು ಅಪ್ಪಟ ಜಾನಪದ ಕ್ಷೇತ್ರಕಾರ್ಯ. ಫೀಸು ಮಾತ್ರ ಬೇರೆ.

ಇಲ್ಲಿ ನೆನಪು ಗಟ್ಟಿಯಾಗಿತ್ತು, ಪತ್ರಿಕೆಯ ಜೊತೆ ತಾಳೆಯಾಯಿತು. ಎಲ್ಲ ಸಲ ಹಾಗಾಗುವುದಿಲ್ಲ.

1888ರ ಜನವರಿ 12. ಬೆಳಗ್ಗೆ ಹದವಾದ ಬಿಸಿಲು. ಮಕ್ಕಳು ತೆಳು ಬಟ್ಟೆ ಹಾಕಿಕೊಂಡು ಶಾಲೆಗೆ ಹೋಗಿದ್ದರು. ಹಗಲಲ್ಲೇ ಇದ್ದಕ್ಕಿದ್ದಂತೆ ಹಿಮಗಾಳಿ ಬಡಿಯಿತು. ಚಾಚಿದ ಕೈ ಕಾಣದಷ್ಟು ಹಿಮದ ಪುಡಿ. ಸತ್ತವರು ಸುಮಾರು 235 ಅಂತ ಅಂದಾಜು. ಎಷ್ಟೋ ಜನ ಶಾಲೆಯಿಂದ ಮನೆಗೆ ಹೊರಟ ಮಕ್ಕಳು. ನೆಬ್ರಾಸ್ಕದ ವ್ಯಾಲಿ ಕೌಂಟಿಯಲ್ಲಿ ಮಿನ್ನಿ ಫ್ರೀಮನ್ ಎಂಬ ಎಳೆಯ ಮೇಡಂ ಇದ್ದರು. ಗಾಳಿಗೆ ಶಾಲೆಯ ಸೂರು ಹಾರಿಹೋದಾಗ ಮಕ್ಕಳನ್ನೆಲ್ಲ ಹತ್ತಿರದ ಮನೆಗೆ ಸುರಕ್ಷಿತವಾಗಿ ನಡೆಸಿಕೊಂಡು ಹೋದರು. ದೇಶವೆಲ್ಲ ಹೆಸರಾದರು. ಅದೇ ವರ್ಷ ಅವರ ಮೇಲೆ ಹಾಡು ಅಚ್ಚಾಯಿತು. ಹಾಡಿನಲ್ಲಿ ಮಕ್ಕಳು 13. ಬೇರೆ ಕಡೆ 16, ಮತ್ತೊಂದು ಕಡೆ ಇನ್ನೊಂದು ಲೆಕ್ಕ. ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ನಡೆಸಿದರು ಅನ್ನುವುದು ಜನರ ಬಾಯಲ್ಲಿ ನಿಂತ ಚಿತ್ರ. ಹಗ್ಗ ಇತ್ತೋ ಇಲ್ಲವೋ ಅನ್ನುವುದರಲ್ಲಿ ಹೇಳಿಕೆಗಳು ಹೊಂದುವುದಿಲ್ಲ.

1940ರಲ್ಲಿ ಆ ಹಿಮಗಾಳಿಯಿಂದ ಬದುಕುಳಿದವರು ಲಿಂಕನ್‌ನಲ್ಲಿ ಸೇರಿ ಒಂದು ಕ್ಲಬ್ ಮಾಡಿಕೊಂಡರು. ಹೆಸರೇ ‘ಜನವರಿ 12, 1888 ಬ್ಲಿಝರ್ಡ್ ಕ್ಲಬ್’. ಮಕ್ಕಳಾಗಿದ್ದವರು ಅಜ್ಜ ಅಜ್ಜಿಯರಾಗಿದ್ದರು. ಎಲ್ಲರ ನೆನಪು ಕಲೆಹಾಕಿ 1947ರಲ್ಲಿ ಪುಸ್ತಕ ತಂದರು. ಐವತ್ತು ವರ್ಷದ ಮೇಲೆ ಹೇಳಿದ ನೆನಪು. ಗಾಳಿ ಬಡಿದ ಗಂಟೆ, ಚಳಿಯ ಡಿಗ್ರಿ, ನಡೆದ ದೂರ ಇವಕ್ಕೆ ಹವಾಮಾನ ಇಲಾಖೆಯ ದಾಖಲೆಯೇ ಮೇಲು. ಆದರೆ ಹಗ್ಗದಂಥ ವಿವರ ಎಲ್ಲಿಂದ ಬಂತು? ದನದ ಕೊಟ್ಟಿಗೆಗೂ ಮನೆಗೂ ನಡುವೆ ಹಗ್ಗ ಕಟ್ಟಿಕೊಂಡು ಓಡಾಡುವುದು ಪ್ರೇರಿಯ ಚಳಿಗಾಲದ ರೂಢಿ. ಹಗ್ಗ ಕೈಬಿಟ್ಟವನು ಸತ್ತ ಅಂತ ಕೇಳಿಕೊಂಡೇ ಬೆಳೆದವರು ಅವರು. ಮಕ್ಕಳನ್ನು ಉಳಿಸಿದ ಮೇಡಂ ಕೈಗೆ ಒಂದು ಹಗ್ಗ ಬಂದೇ ಬರುತ್ತದೆ. ನನಗೆ ಇದು ಸುಳ್ಳು ಅನ್ನಿಸುವುದಿಲ್ಲ. ಆ ಜನಕ್ಕೆ ಭಯ ಯಾವುದು, ಭರವಸೆ ಯಾವುದು ಅಂತ ಹಗ್ಗ ಹೇಳುತ್ತಿದೆ. ಅದಕ್ಕೇ ಅನುಭವ ಇರುವ ಸಂಗ್ರಹಕಾರರು ತಪ್ಪು ನೆನಪನ್ನು ತಿದ್ದುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಇಟ್ಟು, ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತಾರೆ.

ಬೇಕಂತಲೇ ಕಟ್ಟಿದ ಜಾನಪದ ಬೇರೆ ವಿಷಯ. ಫೀಬೋಲ್ಡ್ ಫೀಬೋಲ್ಡ್‌ಸನ್ ಅಂತ ನೆಬ್ರಾಸ್ಕದಲ್ಲಿ ಒಬ್ಬ ಸ್ವೀಡಿಶ್ ಮಹಾವೀರ ಇದ್ದಾನೆ. ಬರ, ಸುಂಟರಗಾಳಿಗಳನ್ನೇ ಪಳಗಿಸಿದವನು. ಕತೆಗಳು ಮಜವಾಗಿವೆ. ಆದರೆ ಇವನು ಹುಟ್ಟಿದ್ದು ರೈತರ ಜಗಲಿಯಲ್ಲಲ್ಲ. 1920ರ ದಶಕದಲ್ಲಿ ಗೋಥನ್‌ಬರ್ಗ್ ಎಂಬ ಊರಿನ ಪತ್ರಿಕೆಯಲ್ಲಿ ವೇಯ್ನ್ ಕ್ಯಾರಲ್ ಎಂಬ ಮರದ ವ್ಯಾಪಾರಿ ಬರೆದ ಅಂಕಣದಲ್ಲಿ. ಸರ್ಕಾರದ ಯೋಜನೆಯವರು ಈ ಕತೆಗಳನ್ನೂ ತಮ್ಮ ಜಾನಪದ ಪುಸ್ತಿಕೆಗೆ ಸೇರಿಸಿದರು. ಹೀಗೆ ಪೇಟೆಗಾಗಿ ತಯಾರಾದ ಸರಕಿಗೆ 1950ರಲ್ಲಿ ರಿಚರ್ಡ್ ಡಾರ್ಸನ್ ಎಂಬ ವಿದ್ವಾಂಸರು ‘ಫೇಕ್‌ಲೋರ್’ ಅಂತ ಹೆಸರಿಟ್ಟರು. ನಕಲಿ ಜಾನಪದ. ಮುಂದೆ ಅವೇ ಕತೆಗಳನ್ನು ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಹೇಳಿದರೆ ಆಗಲೂ ನಕಲಿಯೇ? ಈ ಜಗಳ ಇನ್ನೂ ಮುಗಿದಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಬಹುಪಾಲು ಇಂಗ್ಲಿಷಿನ ದಾಖಲೆ. ಆದರೆ ಪ್ರೇರಿ ಮಾತಾಡಿದ್ದು ಹತ್ತಾರು ಭಾಷೆ. ಕೇಳುವವರಿಗೆ ಆ ಭಾಷೆ ಬಾರದಿದ್ದರೆ ಅಜ್ಜಿ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಲ್ಲಿ ಇಡೀ ಬದುಕು ಮುಗಿಸುತ್ತಾಳೆ. ‘ಕಷ್ಟ ಇತ್ತು. ಕೆಲಸ ಮಾಡಿದೆವು. ಈಗ ಪರವಾಗಿಲ್ಲ.’ ಅದೇ ಅಜ್ಜಿಗೆ ಅವಳ ಮಾತಲ್ಲಿ ಕೇಳಿದ್ದರೆ ಮೂರು ದಿನ ಮಾತಾಡುತ್ತಿದ್ದಳು.

ಭಾಷೆ ಬಲ್ಲವರು ಹೋದ ಕಡೆ ಏನಾಯಿತು ನೋಡಿ. 1899ರಲ್ಲಿ ರಷ್ಯಾದಿಂದ ಸುಮಾರು 7,500 ಡೂಕೊಬೋರ್ ಪಂಥದವರು ಕೆನಡಾದ ಪ್ರೇರಿಗೆ ಬಂದರು. ಟಾಲ್‌ಸ್ಟಾಯ್ ತಮ್ಮ ಕಾದಂಬರಿಯ ದುಡ್ಡು ಕೊಟ್ಟು ನೆರವಾಗಿದ್ದರು. ಈ ಪಂಥದವರಿಗೆ ಧರ್ಮಗ್ರಂಥ ಅಂತ ಪುಸ್ತಕ ಇರಲಿಲ್ಲ. ಎಲ್ಲವೂ ಬಾಯಿಪಾಠದ ಕೀರ್ತನೆ. ಅದಕ್ಕೆ ಅವರು ‘ಜೀವಂತ ಪುಸ್ತಕ’ ಅನ್ನುತ್ತಿದ್ದರು. ಅವರ ಜೊತೆ ಬಂದ ವ್ಲಾಡಿಮಿರ್ ಬೊಂಚ್-ಬ್ರುಯೆವಿಚ್ ರಷ್ಯನ್ನಿನಲ್ಲೇ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡು 1909ರಲ್ಲಿ ಪ್ರಕಟಿಸಿದರು. ಮುಂದೆ ಲೆನಿನ್ ಅವರ ಕಾರ್ಯದರ್ಶಿಯಾದ ಅದೇ ಮನುಷ್ಯ. ನಾಸ್ತಿಕ ಕ್ರಾಂತಿಕಾರಿ ಹಸಿ ಹುಲ್ಲುಗಾವಲಲ್ಲಿ ಕೂತು ಭಕ್ತರ ಕೀರ್ತನೆ ಬರೆದುಕೊಂಡದ್ದು!

ಉಕ್ರೇನಿಯನ್ನರ ವಿಷಯವೂ ಹಾಗೇ. 1891ರಲ್ಲಿ ಇಬ್ಬರಿಂದ ಶುರುವಾದ ಅವರ ವಲಸೆ ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆ ಆಯಿತು. 1960ರ ದಶಕದಲ್ಲಿ ರಾಬರ್ಟ್ ಕ್ಲಿಮಾಶ್ ಟೇಪ್ ರೆಕಾರ್ಡರ್ ಹಿಡಿದು ಕೆನಡಾದ ಪ್ರೇರಿಯ ಉಕ್ರೇನಿಯನ್ ಊರುಗಳಲ್ಲಿ ಓಡಾಡಿದರು. ಅವರಿಗೆ ಹಳೆಯ ನಾಡಿನ ಹಾಡು ಸಿಕ್ಕಿತು. ಊರು ಬಿಟ್ಟ ದುಃಖದ ಹೊಸ ಹಾಡುಗಳೂ ಸಿಕ್ಕವು. ಇಂಗ್ಲಿಷ್ ಪದಗಳಿಗೆ ಉಕ್ರೇನಿಯನ್ ಬಾಲ ಅಂಟಿಸಿ ಕಟ್ಟಿದ ಹಾಸ್ಯದ ಹಾಡುಗಳೂ ಸಿಕ್ಕವು. ಹಿಂದಿನ ಸಂಗ್ರಹಕಾರರಾಗಿದ್ದರೆ ಕೊನೆಯದನ್ನು ‘ಕಲಬೆರಕೆ’ ಅಂತ ಬಿಟ್ಟುಬಿಡುತ್ತಿದ್ದರೋ ಏನೋ. ಕ್ಲಿಮಾಶ್‌ಗೆ ಅದೇ ಮುಖ್ಯ ಅನ್ನಿಸಿತು. ವಲಸೆ ಬಂದವರ ಜಾನಪದ ಅಂದರೆ ಹಳೆಯದನ್ನು ಡಬ್ಬಿಯಲ್ಲಿ ಮುಚ್ಚಿಟ್ಟದ್ದಲ್ಲ. ಹೊಸ ನೆಲದಲ್ಲಿ ಅದು ಮುರಿಯುತ್ತದೆ, ಬೆರೆಯುತ್ತದೆ, ಬೇರೆ ರೂಪದಲ್ಲಿ ಮತ್ತೆ ಏಳುತ್ತದೆ.

ಇಂಥ ಬೆರಕೆಯ ಒಂದು ಸಂಗೀತ ಇವತ್ತಿಗೂ ಕೊಲರಾಡೊ, ಪಶ್ಚಿಮ ನೆಬ್ರಾಸ್ಕದ ಮದುವೆಗಳಲ್ಲಿ ಕೇಳುತ್ತದೆ. ಹೆಸರು ‘ಡಚ್ ಹಾಪ್’. ಇದು ರಷ್ಯಾದ ವೋಲ್ಗಾ ನದಿಯ ದಡದಲ್ಲಿ ನೂರು ವರ್ಷ ಬದುಕಿ ಅಮೆರಿಕಕ್ಕೆ ಬಂದ ಜರ್ಮನ್ನರದು. ಬೀಟ್‌ರೂಟ್ ಜಾತಿಯ ಸಕ್ಕರೆಗೆಡ್ಡೆ ಹೊಲಗಳಲ್ಲಿ ಕೂಲಿ ಮಾಡಿದವರು. ಅವರ ಮೇಳದಲ್ಲಿ ಅಕಾರ್ಡಿಯನ್ ಮತ್ತು ಟ್ರಾಂಬೋನ್ ಜೊತೆಗೆ ನಮ್ಮ ಸಂತೂರ್ ಥರ ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ ಇರುತ್ತದೆ. ಮದುಮಗಳ ಜೊತೆ ಕುಣಿಯಬೇಕಾದರೆ ಅವಳ ಬಟ್ಟೆಗೆ ನೋಟು ಚುಚ್ಚಬೇಕು. ನೋಟು ಡಾಲರಿನದು, ರೂಢಿ ಹಳೆಯದು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ‘ಖಾಲಿ ಬಯಲಿಗೆ ಬಂದೆವು’ ಅಂತ ಹೋಮ್‌ಸ್ಟೆಡರುಗಳ ನೆನಪುಗಳು ಮತ್ತೆ ಮತ್ತೆ ಹೇಳುತ್ತವೆ. ಬಯಲು ಖಾಲಿ ಇರಲಿಲ್ಲ. ನೆಬ್ರಾಸ್ಕದ ಪೂರ್ವ ಭಾಗದಲ್ಲಿ ಒಮಾಹಾ ಜನರಿದ್ದರು. 1854ರ ಒಪ್ಪಂದದಲ್ಲಿ ತಮ್ಮ ನೆಲದ ಬಹುಭಾಗ ಬಿಟ್ಟುಕೊಟ್ಟರು. ಅಲ್ಲಿನ ಹಾಡುಗಳ ದನಿಮುದ್ರಣ ರೈತರದ್ದಕ್ಕಿಂತ ಮೊದಲೇ ಆಯಿತು. 1890ರ ದಶಕದಲ್ಲಿ ಆಲಿಸ್ ಫ್ಲೆಚರ್ ಮತ್ತು ಸ್ವತಃ ಒಮಾಹಾ ಜನಾಂಗದವರೇ ಆದ ಫ್ರಾನ್ಸಿಸ್ ಲಾ ಫ್ಲೆಶ್ ಮೇಣದ ಸಿಲಿಂಡರುಗಳಲ್ಲಿ ಅವನ್ನು ಹಿಡಿದಿಟ್ಟರು. 1983ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಆ ದನಿಗಳನ್ನು ಟೇಪಿಗೆ ಇಳಿಸಿ ಒಮಾಹಾ ಜನರ ವಾರ್ಷಿಕ ಕೂಟಕ್ಕೆ ಒಯ್ದು ಕೊಟ್ಟರು. ಸುಮಾರು ತೊಂಬತ್ತು ವರ್ಷದ ಆಮೇಲೆ ಹಾಡು ಊರಿಗೆ ಬಂತು. ದಾಖಲೆ ಯಾರದು ಅನ್ನುವ ಪ್ರಶ್ನೆಗೆ ಈಗಿನ ಸಂಗ್ರಹಾಲಯಗಳು ಕೊಡುವ ಉತ್ತರ ಬದಲಾಗಿದ್ದು ಇಂಥ ಘಟನೆಗಳಿಂದ. ಹಾಡಿದವರ ಒಪ್ಪಿಗೆ ಬರಹದಲ್ಲಿ ಬೇಕು. ಒಂದು ಪ್ರತಿ ಮನೆಯವರಿಗೆ ಸಿಗಬೇಕು. ಇದನ್ನು ಎಲ್ಲರಿಗೂ ಕೇಳಿಸಬೇಡಿ ಅಂದರೆ ಆ ಮಾತು ನಡೆಯಬೇಕು.

1970ರ ದಶಕದಲ್ಲಿ ನಾರ್ತ್ ಡಕೋಟಾದ ಇತಿಹಾಸ ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳಬರ ಮಾತನ್ನು ಕ್ಯಾಸೆಟ್ಟಿಗೆ ಹಿಡಿಯಿತು. ಆಗ ಅದು ದೊಡ್ಡ ಸಾಧನೆ. ಈಗ ಕ್ಯಾಸೆಟ್ಟುಗಳೇ ಮುದುಕರಾಗಿವೆ. ಟೇಪಿನ ಅಂಟು ಬಿಡುತ್ತದೆ, ನುಡಿಸುವ ಯಂತ್ರ ಸಿಗುವುದಿಲ್ಲ. ಎಲ್ಲವನ್ನೂ ಮತ್ತೆ ಡಿಜಿಟಲ್‌ಗೆ ಇಳಿಸುವ ಕೆಲಸ ಎಲ್ಲ ಕಡೆ ನಡೆದಿದೆ. ಆ ಕಾಲದ ಗಾಜಿನ ಪ್ಲೇಟು ಮಾತ್ರ ಗಟ್ಟಿ. ಬೀಳಿಸದಿದ್ದರೆ ಸರಿ.

ಬುಚರ್ ಅವರ ಪ್ಲೇಟುಗಳನ್ನು ನೆಬ್ರಾಸ್ಕದ ಇತಿಹಾಸ ಸಂಸ್ಥೆಯವರು ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿದರು. ಫೋಟೊಗಳಲ್ಲಿ ಮನೆಯ ಮುಂದೆ ಎಲ್ಲರೂ ತಮ್ಮಲ್ಲಿ ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿ ನೆಟ್ಟಗೆ ಕೂತಿದ್ದಾರೆ. ಹಿಂದೆ ತೆರೆದ ಬಾಗಿಲು. ಕಾಗದದ ಮೇಲೆ ಮುದ್ರಿಸಿದಾಗ ಅದು ಬರೀ ಕಪ್ಪು ಚೌಕ. ನೂರು ವರ್ಷ ಎಲ್ಲರಿಗೂ ಕಂಡದ್ದು ಅಷ್ಟೇ. ಕಂಪ್ಯೂಟರಿನಲ್ಲಿ ಆ ಕಪ್ಪನ್ನು ಸ್ವಲ್ಪ ಸ್ವಲ್ಪವೇ ತಿಳಿಯಾಗಿಸಿದಾಗ ಒಳಗಿನ ಕೋಣೆ ಕಾಣತೊಡಗಿತು. ಯಾರೂ ಅಂಗಳಕ್ಕೆ ತಂದಿಡದ ಸಾಮಾನು, ಇಟ್ಟ ಜಾಗದಲ್ಲೇ, ಇಟ್ಟ ಹಾಗೇ.